ಒಗ್ಗರಣೆ ಡಬ್ಬಿಯ ಒತ್ತಕ್ಷರಗಳು

ಇಂಗ್ಲಿಷಿನಲ್ಲಿ ಇರುವುದು ಬರೀ 26 ಅಕ್ಷರ. ಅವನ್ನು ರಟ್ಟಿನಲ್ಲಿ ಕತ್ತರಿಸಿ ಇಡಲು ಎಷ್ಟು ಜಾಗ ಬೇಕಾದೀತು, ಒಂದು ಡಬ್ಬಿ ಸಾಕು ಎಂದು ಯಾರಾದರೂ ಹೇಳಿಯಾರು. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡುವವರನ್ನು ಕೇಳಿ ನೋಡಿ. ಮಂಚದ ಕೆಳಗೆ ಅಕ್ಷರ, ಬೀರುವಿನ ಮೇಲೆ ಅಕ್ಷರ, ದಿಂಬಿನ ಕವರಿನೊಳಗೆ ಅಕ್ಷರ. ಕಸ ಗುಡಿಸಿದರೆ ಮೊರದ ತುಂಬ ಅಕ್ಷರ. ಬರಿಗಾಲಲ್ಲಿ ತುಳಿದಾಗ ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಕೆ. ಅದಕ್ಕೆ ಮೂಲೆಗಳು ಜಾಸ್ತಿ.

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಾಲ್ ಎಂದು ನಾವು ಕರೆಯುವ ಜಾಗ ಬೆಳಗ್ಗೆ ಶಾಲೆ, ಮಧ್ಯಾಹ್ನ ಊಟದ ಮನೆ, ರಾತ್ರಿ ನಮ್ಮತ್ತೆ ಮಲಗುವ ಕೋಣೆ. ಮಕ್ಕಳನ್ನು ಶಾಲೆಗೆ ಯಾಕೆ ಕಳಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಅದು ಬೇಡ. ಮುಂದೆ ಪರೀಕ್ಷೆ ಬರೆಯಲು ರಾಷ್ಟ್ರೀಯ ಮುಕ್ತ ಶಾಲೆ ಇದೆ ಅಂದರೆ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದವರು ಒಳಗೆ ಬಂದು ಹಾಲ್ ನೋಡಿ ಸುಮ್ಮನಾಗುತ್ತಾರೆ.

ಕೈಯಲ್ಲಿ ಹಿಡಿದು ಜೋಡಿಸುವ ಅಕ್ಷರಕ್ಕೆ ಒಂದು ದೊಡ್ಡ ಗುಣವಿದೆ. ತಪ್ಪಾದರೆ ಅಳಿಸಬೇಕಿಲ್ಲ, ಜರುಗಿಸಿದರೆ ಆಯಿತು. ಪೆನ್ಸಿಲ್ ಹಿಡಿಯಲು ಬೆರಳು ಇನ್ನೂ ಬಲಿಯದ ಮಗು ಕೂಡ ಪದ ಕಟ್ಟಬಹುದು. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ ಬಿಡಿ ಅಕ್ಷರಗಳ ಪೆಟ್ಟಿಗೆ ಮಾಡಿಸಿದ್ದು ಇದೇ ಕಾರಣಕ್ಕೆ. ಆಕೆ 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧ ಮುಗಿಯುವ ತನಕ ನಮ್ಮ ದೇಶದಲ್ಲೇ ಉಳಿದಿದ್ದರು. ಆಕೆಯ ಪೆಟ್ಟಿಗೆ ನೋಡಿದರೆ ಆಸೆಯಾಗುತ್ತದೆ. ಮರದ ಖಾನೆಗಳು, ಸ್ವರಕ್ಕೆ ನೀಲಿ, ವ್ಯಂಜನಕ್ಕೆ ಕೆಂಪು. ಸಾಗರದ ಗುಡಿಗಾರರ ಹತ್ತಿರ ಹೋಗಿ ಅಂಥದ್ದೊಂದನ್ನು ಕೆತ್ತಿಸಿಕೊಳ್ಳಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದುಂಟು. ಸದ್ಯಕ್ಕೆ ನಮ್ಮ ಅಕ್ಷರಗಳು ಮದುವೆ ಕಾಗದದ ದಪ್ಪ ರಟ್ಟಿನಲ್ಲೇ ಆಗಿವೆ.

ಮೊದಲ ಪ್ರಶ್ನೆ, ಯಾವ ಅಕ್ಷರ ಎಷ್ಟು ಬೇಕು ಎಂಬುದು. ಅಂಗಡಿಯ ಸೆಟ್ಟುಗಳಲ್ಲಿ ಎಷ್ಟೋ ಸಲ ಒಂದೊಂದೇ ಇರುತ್ತದೆ. ಅದರಲ್ಲಿ ಬನಾನಾ ಕೂಡ ಬರೆಯಲಾಗುವುದಿಲ್ಲ, ಮೂರು ಎ ಬೇಕು. ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದವರು ಈ ಲೆಕ್ಕ ಮಾಡಿಟ್ಟಿದ್ದಾರೆ. 100 ಬಿಲ್ಲೆಯಲ್ಲಿ ಇ 12, ಎ 9, ಕ್ಯೂ ಮತ್ತು ಜಡ್ ಒಂದೊಂದೇ. ಇಂಗ್ಲಿಷ್ ಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಮಾಡಿದ ಲೆಕ್ಕ ಅದು. ಆದರೆ ಆ ಪತ್ರಿಕೆಯಲ್ಲಿ ಮಲೆನಾಡಿನ ಸುದ್ದಿ ಬಂದಿರಲಿಲ್ಲ. ಎಚ್ ಎರಡೇ ಕೊಟ್ಟಿದ್ದಾರೆ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಜೋಡಿಸಿ ನೋಡಿ, ಮೂರು ಎಚ್ ಬೇಕು. ಕೆ ಒಂದೇ ಇದೆ, ಪಕ್ಕದ ಚಿಕ್ಕಮಗಳೂರಿಗೆ ಎರಡು ಬೇಕು. ಹೊಸನಗರ ಒಂದೇ ನಾಲ್ಕು ಎ ನುಂಗುತ್ತದೆ. ಇನ್ನು ನಮ್ಮ ಊರು. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿತು, ಶಿವಮೊಗ್ಗವೂ ಅದರಲ್ಲಿ ಸೇರಿತ್ತು. ಹಳೇ ಸ್ಪೆಲ್ಲಿಂಗಿಗೆ 7 ಬಿಲ್ಲೆ ಸಾಕಿತ್ತು, ಹೊಸದಕ್ಕೆ 10. ಕನ್ನಡಾಭಿಮಾನ ನನಗೂ ಇದೆ, ಆದರೆ ಎಲ್ಲ ಊರೂ ಹೀಗೆ ಉದ್ದವಾದರೆ ರಟ್ಟು ತರುವವರು ಯಾರು? ಹಾಗಾಗಿ ನಮ್ಮ ಮನೆಯ ಲೆಕ್ಕದಲ್ಲಿ ಇ ಕಮ್ಮಿ, ಎ, ಎಚ್, ಕೆ ಜಾಸ್ತಿ.

ಇವನ್ನು ಇಡಲು ಸಿಕ್ಕಿದ ಅತ್ಯುತ್ತಮ ಪೀಠೋಪಕರಣ ಅಂದರೆ ಮೊಟ್ಟೆ ತಟ್ಟೆ. ಐದು ಆರಲಿ ಮೂವತ್ತು ಗುಂಡಿ. 26 ಅಕ್ಷರಕ್ಕೆ 26 ಹೋದರೆ ನಾಲ್ಕು ಉಳಿಯುತ್ತವೆ. ಅದರಲ್ಲಿ ಎಸ್‌ಎಚ್, ಸಿಎಚ್, ಟಿಎಚ್, ಎನ್‌ಜಿ ಜೋಡಿಗಳು ಕೂರುತ್ತವೆ. ಯಾರೋ ಸ್ಪೆಲ್ಲಿಂಗ್ ಮೇಷ್ಟ್ರೇ ಕೋಳಿ ಸಾಕಿ ವಿನ್ಯಾಸ ಮಾಡಿದ್ದಾರೆ ಅನ್ನಿಸಬೇಕು. ಒಂದೇ ತೊಂದರೆ, ನಮ್ಮತ್ತೆ. ಮೊಟ್ಟೆ ತಟ್ಟೆ ಒಲೆಯಿದ್ದ ಕಡೆ, ದೇವರಿದ್ದ ಕಡೆ ಸುಳಿಯಕೂಡದು ಎಂದು ಅಪ್ಪಣೆಯಾಗಿದೆ. ಮೊಟ್ಟೆಯನ್ನೇ ಕಾಣದ ಹೊಸ ಪ್ಲಾಸ್ಟಿಕ್ ತಟ್ಟೆ ಅಂದರೂ ಕೇಳುವುದಿಲ್ಲ. ಹಾಗಾಗಿ ಇಂಗ್ಲಿಷ್ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಇದೆ.

ಖಾನೆಗೆ ಹಾಕುವಾಗ ಎಬಿಸಿ ಕ್ರಮ ಅನುಸರಿಸಲೇಬೇಕೆಂದೇನಿಲ್ಲ. ಅದು ನಮ್ಮ ಬಾಯಿಗೆ ಸಲೀಸು, ಮಗುವಿನ ಕೈಗಲ್ಲ. ಬಿ ಮತ್ತು ಡಿ ಆ ಕ್ರಮದಲ್ಲಿ ಹತ್ತಿರ ಹತ್ತಿರ ಬರುತ್ತವೆ, ಮಕ್ಕಳು ಅದಲುಬದಲು ಮಾಡುವುದೂ ಅವನ್ನೇ. ಎರಡನ್ನೂ ತಟ್ಟೆಯ ಎರಡು ತುದಿಗೆ ಹಾಕಿಬಿಡಿ. ಇನ್ನೊಂದು ವಿಷಯ, ಸಣ್ಣ ಅಕ್ಷರದ ಬಿಲ್ಲೆಗೆ ತಾನು ತಲೆಕೆಳಗಾಗಿದ್ದೇನೆ ಎಂದು ಗೊತ್ತಾಗುವುದಿಲ್ಲ. ತಿರುಗಿಸಿದರೆ ಎನ್ ಹೋಗಿ ಯು ಆಗುತ್ತದೆ, ಡಿ ಹೋಗಿ ಪಿ ಆಗುತ್ತದೆ. ಬಿಲ್ಲೆಯ ಬುಡದಲ್ಲಿ ಒಂದು ಗೆರೆ ಎಳೆದರೆ ಈ ರಗಳೆ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನಿಜವಾದ ತಾಪತ್ರಯ ಶುರುವಾಗುವುದು ಕನ್ನಡಕ್ಕೆ ಬಂದಾಗ.

ವರ್ಣಮಾಲೆಯಲ್ಲಿ 49 ಅಂತ ನಾವು ಬಾಯಿಪಾಠ ಮಾಡಿದ್ದೇವೆ, ಅಲ್ವಾ? 34 ವ್ಯಂಜನಕ್ಕೂ ಕಾಗುಣಿತ ಬರೆದರೆ 510 ಆಗುತ್ತದೆ. ಅದಕ್ಕೆ ಒತ್ತು ಕೊಡಲು ಹೊರಟರೆ ಮನೆಯವರೆಲ್ಲ ಹೊರಗೆ ಮಲಗಬೇಕು. ಬಿಡಿಸಿ ಇಡುವುದೊಂದೇ ದಾರಿ. ಅಕ್ಷರವನ್ನು ತಲೆ, ಮೈ, ಕಾಲು ಎಂದು ಮೂರು ಮಾಡುವುದು. ಮೈಯೆಂದರೆ ತಲಕಟ್ಟು ಇಲ್ಲದ ಬೋಳು ಅಕ್ಷರ. ತಲಕಟ್ಟು, ಗುಡಿಸು, ಏತ್ವ ಎಲ್ಲ ತಲೆಯ ಮೇಲೆ ಬರುವಂಥವು. ಇಳಿ, ಕೊಂಬು, ದೀರ್ಘ ಬಲಗಡೆ. ಒತ್ತು ಕಾಲಿಗೆ. ಇವನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಬರೆದು ಕತ್ತರಿಸಿದರೆ ಒಂದರ ಮೇಲೊಂದು ಹಾಕಬಹುದು. ತಲಕಟ್ಟು ತೆಗೆದು ಗುಡಿಸು ಹಾಕಿದಾಗ ಕ ಹೋಗಿ ಕಿ ಆಗುವುದನ್ನು ಮಗು ಕಣ್ಣಾರೆ ನೋಡುತ್ತದೆ. ಸ್ಲೇಟಿನ ಮೇಲೆ ಕಾಗುಣಿತ ಬಳ್ಳಿ ಬರೆದು ಬೆಳೆದ ನಮಗೆ ಇದು ಅಷ್ಟು ಸರಿಯಾಗಿ ಯಾರೂ ತೋರಿಸಿರಲಿಲ್ಲ.

ಆದರೆ ಕನ್ನಡದ ಅಕ್ಷರಗಳು ಶಿಸ್ತಿನವಲ್ಲ. ಜ, ಟ, ಣ, ಬ, ಲ ಇವಕ್ಕೆ ತಲಕಟ್ಟೇ ಇಲ್ಲ. ಎಲ್ಲರೂ ಕೊಂಬನ್ನು ಪಕ್ಕದಲ್ಲಿ ಹಿಡಿದರೆ ಪು ಮತ್ತು ವು ಕೆಳಗೆ ಜಾರಿಸಿಕೊಳ್ಳುತ್ತವೆ. ಒತ್ತುಗಳಲ್ಲೂ ತ, ನ, ಮ, ಯ, ರ, ಲ ತಮ್ಮ ಸ್ವಂತ ಮುಖ ಬಿಟ್ಟು ಬೇರೆ ವೇಷ ಹಾಕುತ್ತವೆ. ಇನ್ನು ಅರ್ಕಾವತ್ತು ಉಚ್ಚಾರಣೆಯಲ್ಲಿ ಮೊದಲು, ಬರವಣಿಗೆಯಲ್ಲಿ ಆಮೇಲೆ. ಇಂಥವನ್ನೆಲ್ಲ ಒಂದೇ ಡಬ್ಬಿಗೆ ಸುರಿದರೆ ಮಗು ಹುಡುಕುವುದರಲ್ಲೇ ಬೆಳಗಿನ ಹೊತ್ತು ಕಳೆದುಹೋಗುತ್ತದೆ.

ಒತ್ತಿನ ವಿಷಯದಲ್ಲಿ ನನ್ನನ್ನು ಕಾಪಾಡಿದ್ದು ಒಗ್ಗರಣೆ ಡಬ್ಬಿ. ಹಳೇ ಸ್ಟೀಲಿನದು, ಒಳಗೆ ಏಳು ಬಟ್ಟಲು. ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ, ಅಲ್ಲಿಗೆ ಐದು. ಯರಲವ ಒಂದು, ಶಷಸಹಳ ಇನ್ನೊಂದು. ಸರಿಯಾಗಿ ಏಳು! ಗಂಟಲಿನಿಂದ ಶುರುಮಾಡಿ ತುಟಿಯವರೆಗೆ ಅಕ್ಷರಗಳನ್ನು ಸಾಲಾಗಿ ಕೂರಿಸಿಟ್ಟ ನಮ್ಮ ಹಿರಿಯರಿಗೆ ಕೈಮುಗಿಯಬೇಕು. ಎಬಿಸಿ ಮಾಡಿದವರು ಇಷ್ಟು ಯೋಚನೆ ಮಾಡಿದ ಹಾಗೆ ಕಾಣುವುದಿಲ್ಲ. ನಡುವಿನ ಬಟ್ಟಲಿಗೆ ನಾನು ಯರಲವ ಹಾಕಿದ್ದೇನೆ, ಕೈ ಮೊದಲು ಹೋಗುವುದು ಅಲ್ಲಿಗೇ. ಈ ಡಬ್ಬಿಗೆ ಅತ್ತೆಯ ಆಕ್ಷೇಪಣೆ ಇಲ್ಲ. ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇದೆ. ಒಮ್ಮೊಮ್ಮೆ ಅವಸರದಲ್ಲಿ ಬಾಣಲೆಗೆ ಎಣ್ಣೆ ಹಾಕಿ ಡಬ್ಬಿ ತೆಗೆದರೆ ಒಳಗೆ ಮಹಾಪ್ರಾಣಗಳು.

ಕನ್ನಡದಲ್ಲಿ ಒತ್ತು ಯಾಕೆ ಇಷ್ಟು ಬೇಕೆಂದರೆ ನೆಂಟರಿಂದಾಗಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ. ಮಗು ಮೊದಲು ಬರೆಯಲು ಬಯಸುವುದೇ ಇವರನ್ನು, ಪುಸ್ತಕದಲ್ಲಿ ಒತ್ತಕ್ಷರದ ಪಾಠ ಬರುವುದು ಎಲ್ಲಕ್ಕಿಂತ ಕೊನೆಗೆ. ಒತ್ತಿಲ್ಲದೆ ಬರುವವರು ಮಾವ, ಭಾವ, ಮೈದುನ, ನಾದಿನಿ, ಎಲ್ಲ ಮದುವೆಯಾದ ಮೇಲೆ ಸಿಗುವವರು.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕಂಪೋಸಿಟರ್ ಆಗಿದ್ದವರು. ನಮ್ಮ ತಟ್ಟೆ, ಡಬ್ಬಿ ನೋಡಿ ಅವರಿಗೆ ನಗು. ಇಂಗ್ಲಿಷ್ ಮೊಳೆಯ ಕೇಸಿನಲ್ಲಿ ಸಣ್ಣ ಇ ಅಕ್ಷರದ ಖಾನೆ ಎಲ್ಲಕ್ಕಿಂತ ದೊಡ್ಡದು, ಅದೂ ಕೈಗೆ ಎಟಕುವ ನಡುವಿನಲ್ಲಿ. ಕನ್ನಡಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಖಾನೆ ಬೇಕಾಗುತ್ತಿತ್ತು. ಯಾವ ಗುಣಿತ ಎಲ್ಲಿದೆ ಎಂದು ಅವರು ನೋಡುತ್ತಲೇ ಇರಲಿಲ್ಲವಂತೆ, ಕೈಗೇ ಗೊತ್ತಿತ್ತು. ಅದು ಗೊತ್ತಾಗಿದ್ದು ಹೇಗೆ ಎಂದು ಕೇಳಿದೆ. ಕೆಲಸಕ್ಕೆ ಸೇರಿದ ಹುಡುಗರಿಗೆ ಮೊದಲು ಕೊಡುತ್ತಿದ್ದದ್ದು ಜೋಡಿಸುವ ಕೆಲಸವಲ್ಲ, ಅಚ್ಚಾದ ಪುಟ ಬಿಚ್ಚಿ ಮೊಳೆಗಳನ್ನು ವಾಪಸ್ ಖಾನೆಗೆ ಹಾಕುವ ಕೆಲಸ. ತಪ್ಪು ಖಾನೆಗೆ ಹಾಕಿದರೆ ನಾಳೆ ಯಾರದೋ ಮದುವೆಯಲ್ಲಿ ವರನ ಹೆಸರು ಕೆಡುತ್ತದೆ.

ಇದು ಕೇಳಿದ ಮೇಲೆ ನಮ್ಮ ಪಾಠದ ಅರ್ಧ ಹೊತ್ತು ಹಿಂದೆ ಹಾಕುವುದಕ್ಕೇ ಹೋಗುತ್ತದೆ. ಮೊದಲು ನಾನೇ ಮಕ್ಕಳು ಮಲಗಿದ ಮೇಲೆ ಎತ್ತಿಡುತ್ತಿದ್ದೆ, ಬೇಗ ಆಗುತ್ತಿತ್ತು, ಚೆಂದವೂ ಇರುತ್ತಿತ್ತು. ಈಗ ಮಗಳು ಭದ್ರಾವತಿಯನ್ನು ಬಿಚ್ಚುತ್ತಾ, ದ ಇಲ್ಲಿಗೆ, ರ ಒತ್ತು ನಡುವಿನ ಬಟ್ಟಲಿಗೆ, ಭ ಪ ವರ್ಗಕ್ಕೆ ಎಂದು ಗೊಣಗುತ್ತಾಳೆ. ಜೋಡಿಸುವಾಗ ಪದ ನೋಡುತ್ತಿದ್ದವಳು ಬಿಚ್ಚುವಾಗ ಅಕ್ಷರ ನೋಡುತ್ತಾಳೆ. ದೊಡ್ಡ ಮನೆಯಿದ್ದು ಪಾಠಕ್ಕೇ ಒಂದು ಕೋಣೆ ಇದ್ದಿದ್ದರೆ ನಾವು ಎಲ್ಲವನ್ನೂ ಹಾಗೇ ಹರವಿಟ್ಟು ಊಟಕ್ಕೆ ಏಳುತ್ತಿದ್ದೆವು. ಇಲ್ಲಿ ಹಾಗಾಗುವುದಿಲ್ಲ. ಒಂದು ಗಂಟೆಗೆ ಅತ್ತೆ ಬಾಳೆಲೆ ಹಿಡಿದು ನಿಂತಿರುತ್ತಾರೆ.

ಜಿಲ್ಲೆಯ ಏಳು ತಾಲ್ಲೂಕುಗಳೇ ನಮ್ಮ ಪರೀಕ್ಷೆ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ ಒತ್ತಿಲ್ಲದವು, ಮಗನಿಗೆ. ಶಿವಮೊಗ್ಗ, ಭದ್ರಾವತಿ ಒಂದೊಂದು ಒತ್ತಿನವು, ಮಗಳಿಗೆ. ತೀರ್ಥಹಳ್ಳಿಯಲ್ಲಿ ದೀರ್ಘ, ಮಹಾಪ್ರಾಣ, ಅರ್ಕಾವತ್ತು, ಳ ಒತ್ತು ಎಲ್ಲ ಇದೆ. ಅದನ್ನು ಜೋಡಿಸಿ ಬಿಚ್ಚಿದವರಿಗೆ ಕನ್ನಡ ಬಂತೆಂದೇ ಲೆಕ್ಕ.

ಮಳೆಗಾಲದ ವಿಷಯ ಹೇಳದಿದ್ದರೆ ಮಲೆನಾಡಿನವರು ನಂಬುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಶಿವಮೊಗ್ಗ ಊರಿಗೆ ಅಷ್ಟಿಲ್ಲ. ಆದರೂ ಜುಲೈ ತಿಂಗಳಲ್ಲಿ ರಟ್ಟಿನ ಅಕ್ಷರಗಳು ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತವೆ. ಅಡಿಕೆ ಹಾಳೆಯಲ್ಲಿ ಕತ್ತರಿಸಿದ ಅಕ್ಷರ ಬೇಸಿಗೆಯಲ್ಲಿ ಬಲು ಚೆಂದ, ಆಷಾಢಕ್ಕೆ ಅದರ ಮೇಲೆ ಬೂಷ್ಟು. ಲ್ಯಾಮಿನೇಶನ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಹೇಳುವುದಿಲ್ಲ. ಇಡೀ ಹಾಳೆ ಲ್ಯಾಮಿನೇಟ್ ಮಾಡಿಸಿ ಆಮೇಲೆ ಅಕ್ಷರ ಕತ್ತರಿಸಿದರೆ ಅಂಚು ಬಾಯಿ ಬಿಟ್ಟಿರುತ್ತದೆ, ತೇವ ಅಲ್ಲಿಂದಲೇ ಒಳಗೆ. ಮೊದಲು ಕತ್ತರಿಸಿ, ನಡುವೆ ಜಾಗ ಬಿಟ್ಟು ಜೋಡಿಸಿ, ಲ್ಯಾಮಿನೇಟ್ ಮಾಡಿಸಿ, ಸುತ್ತ ಸ್ವಲ್ಪ ಪ್ಲಾಸ್ಟಿಕ್ ಅಂಚು ಉಳಿಸಿ ಬಿಡಿಸಬೇಕು. ಗಾಳಿಯಾಡದ ಡಬ್ಬಿಯೂ ಹಾಗೇ. ಮಳೆ ಹೊಯ್ಯುವ ದಿನ ಮುಚ್ಚಿದರೆ ತೇವವನ್ನು ಒಳಗೆ ಕೂಡಿಹಾಕಿದಂತೆ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಒಣಗಿಸಿ ಮುಚ್ಚಬೇಕು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನು ಎಸೆಯದೆ ಇದರೊಳಗೆ ಹಾಕುತ್ತೇನೆ, ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಳಕ್ಕೆ ಅಂಟಿಸಿ. ಮೇಲೆ ಒಂದು ತುಂಡು ಬಜೆ, ಹುಳಕ್ಕೆ. ಅಂದ ಹಾಗೆ, ಜಿಲ್ಲಾಡಳಿತ ಮಳೆ ರಜೆ ಘೋಷಿಸಿದ ದಿನ ನಮ್ಮ ಮಕ್ಕಳೂ ರಜೆ ಕೇಳುತ್ತಾರೆ. ಶಾಲೆಗೆ ಹೋಗುವ ದಾರಿ ಮೂರು ಹೆಜ್ಜೆ, ಅದರಲ್ಲಿ ಹಳ್ಳ ಬರುವುದಿಲ್ಲ ಎಂದರೆ ಒಪ್ಪುವುದಿಲ್ಲ.

ಮ್ಯಾಗ್ನೆಟ್ ಅಕ್ಷರಗಳಿಗೆ ಬೇರೆ ಜಾಗವೇ ಬೇಕಿಲ್ಲ, ಕಬ್ಬಿಣದ ಬೀರುವಿನ ಬಾಗಿಲು ಇದೆ. ಸ್ಟೀಲ್ ತಟ್ಟೆಗಳನ್ನು ಮಾತ್ರ ಮೊದಲು ಪರೀಕ್ಷೆ ಮಾಡಿ, ಎಷ್ಟೋ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ.

ಊರಿಗೆ ಹೋಗುವಾಗ ಮೊಟ್ಟೆ ತಟ್ಟೆ ಬಸ್ಸಿನಲ್ಲಿ ಒಯ್ಯಲಾಗುವುದಿಲ್ಲ. ಅದಕ್ಕೆ ನಮ್ಮಪ್ಪನ ಕವಳದ ಸಂಚಿ ಇದೆ. ಹಲ್ಲಿನ ಡಾಕ್ಟರು ಬೈದ ಮೇಲೆ ಅಪ್ಪ ಎಲೆಯಡಿಕೆ ಬಿಟ್ಟರು, ಸಂಚಿ ಗೂಟದಲ್ಲಿ ಸುಮ್ನೆ ನೇತಾಡುತ್ತಿತ್ತು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ಜೇಬುಗಳು. ಈಗ ಎಲೆಯ ಜಾಗದಲ್ಲಿ ವ್ಯಂಜನ, ಅಡಿಕೆಯ ಜಾಗದಲ್ಲಿ ಸ್ವರ, ಸುಣ್ಣದ ಜಾಗದಲ್ಲಿ ಗುಣಿತ, ತಂಬಾಕಿನದರಲ್ಲಿ ಒತ್ತು. ದಾರ ಎಳೆದು ಸುತ್ತಿದರೆ ಒಂದು ಅಂಗೈಯಷ್ಟಾಗುತ್ತದೆ. ಒತ್ತುಗಳು ಈಗಲೂ ಸ್ವಲ್ಪ ಘಾಟು ಬರುತ್ತವೆ. ಊರಿನಲ್ಲಿ ಜಗುಲಿಯ ಮೇಲೆ ಮಕ್ಕಳು ಸಂಚಿ ಬಿಚ್ಚಿದರೆ ಅಪ್ಪನ ಕೈ ತಾನಾಗಿ ಮುಂದೆ ಬರುತ್ತದೆ. ಏನೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಒಂದು ಪದ ಜೋಡಿಸುತ್ತಾರೆ. ಬಹಳ ಸಲ ಆ ಪದ ತಂಬಾಕು.

ಙ ಮತ್ತು ಞ ಬಿಸಾಡಿದರೆ ಎರಡು ಖಾನೆ ಉಳಿಯುತ್ತವೆ ಎಂದು ನಮ್ಮ ಮನೆಯವರ ಸಲಹೆ. ನಾನು ಒಪ್ಪಿಲ್ಲ. ಞ ಅಕ್ಷರ ಯಾರಿಗೂ ಬೇಡದಿರಬಹುದು, ಅದರ ಒತ್ತಿಲ್ಲದೆ ಯಜ್ಞವೂ ಇಲ್ಲ, ವಿಜ್ಞಾನವೂ ಇಲ್ಲ. ಙ ಪರವಾಗಿ ವಾದಿಸಲು ಮಾತ್ರ ನನ್ನ ಹತ್ತಿರ ಏನೂ ಇಲ್ಲ. ಮಗ ಅದನ್ನು ಅಂಗಡಿಯಾಟದಲ್ಲಿ ಐದು ರೂಪಾಯಿ ನಾಣ್ಯ ಮಾಡಿಕೊಂಡಿದ್ದಾನೆ, ಹಾಗಾಗಿ ಉಳಿದಿದೆ.

ಈಗ ಮಗಳಿಗೆ ಗಣಿತದ ಸಾಮಾನು ಬೇಕಾಗಿದೆ. ಹುಣಸೆ ಬೀಜ, ಹತ್ತರ ಕಟ್ಟು, ನೂರರ ಚೌಕ. ಖಾಲಿ ಇರುವುದು ಅಟ್ಟದ ಒಂದು ಮೂಲೆ. ಅಲ್ಲಿ ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿಗಳಿವೆ, ಒಂದು ಜಾಡಿ ಮುಗಿದರೆ ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ನಾವೆಲ್ಲ ಮೂರು ಹೊತ್ತೂ ಉಪ್ಪಿನಕಾಯಿ ತಿನ್ನುತ್ತಿದ್ದೇವೆ.