ಮಾರಿಯಾ ಸಹಿ ಹಾಕಿಕೊಟ್ಟರೆ ತಪ್ಪೇನು?

ಅಮೆರಿಕದ ಹೆಸರಾಂತ ಕುಂಬಾರ್ತಿ ಮಾರಿಯಾ ಮಾರ್ಟಿನೆಜ್ ಬೇರೆ ಹೆಂಗಸರು ಮಾಡಿದ ಮಡಕೆಗೂ ತಮ್ಮ ಸಹಿ ಹಾಕಿಕೊಡುತ್ತಿದ್ದರಂತೆ. ಇದನ್ನು ಮೋಸ ಅನ್ನುವವರಿದ್ದಾರೆ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ, ಸಾಂತಾ ಫೆ ಹತ್ತಿರ, ಸ್ಯಾನ್ ಇಲ್ಡೆಫಾನ್ಸೊ ಅಂತ ಪ್ವೆಬ್ಲೊ ಅನ್ನುವ ಮೂಲನಿವಾಸಿ ಜನರ ಸಣ್ಣ ಊರಿದೆ. ಕಪ್ಪು ಮಡಕೆ ಆ ಕಡೆ ಮೊದಲೂ ಇತ್ತು. ಹೊಳೆಯುವ ಕಪ್ಪಿನ ಮೇಲೆ ಮಂಕು ಕಪ್ಪಿನಲ್ಲೇ ಚಿತ್ತಾರ ಬಿಡಿಸುವುದನ್ನು 1919ರ ಸುಮಾರಿಗೆ ಕಂಡುಕೊಂಡವರು ಇದೇ ಊರಿನ ಮಾರಿಯಾ ಮತ್ತು ಗಂಡ ಜೂಲಿಯನ್. ಮಡಕೆ ಕಟ್ಟುವುದು ಹೆಂಡತಿ, ಚಿತ್ತಾರ ಗಂಡ.

ತಿಗರಿ ಇಲ್ಲ, ಆವಿಗೆ ಇಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಕಲಸಿ, ಹುರಿ ಹೊಸೆದು ಸುತ್ತಿ ಸುತ್ತಿ ಏರಿಸಿ, ಸೋರೆಬುರುಡೆ ಚೂರಿನಿಂದ ನಯ ಮಾಡುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ತಿಳಿ ಬಳಿದು ನುಣುಪಾದ ಹೊಳೆಗಲ್ಲಿನಿಂದ ಉಜ್ಜಬೇಕು. ಆ ಹೊಳಪೆಲ್ಲ ಬರೀ ಉಜ್ಜಿದ್ದರಿಂದ ಬರುವಂಥದ್ದು, ತಿಳಿ ಆರುವುದರೊಳಗೆ ಮುಗಿಸಬೇಕು, ನಡುವೆ ಎದ್ದು ಹೋದರೆ ಕಲೆ ಉಳಿಯಿತು ಅಂತಲೇ ಲೆಕ್ಕ. ಸುಡುವುದು ಬಯಲಲ್ಲೇ, ಸೌದೆ ಬೆರಣಿ ಪೇರಿಸಿ. ಉರಿ ಜೋರಾಗಿರುವಾಗ ಮಡಕೆ ಇನ್ನೂ ಕೆಂಪಗೇ ಇರುತ್ತದೆ. ಆಗ ಪುಡಿ ಮಾಡಿದ ಕುದುರೆ ಲದ್ದಿಯನ್ನು ರಾಶಿ ಸುರಿದು ಬೆಂಕಿಗೆ ಗಾಳಿ ಸಿಗದ ಹಾಗೆ ಮಾಡುತ್ತಾರೆ. ದಟ್ಟ ಹೊಗೆಯೊಳಗೆ ಬೆಂದು, ಮಣ್ಣಿನಲ್ಲಿರುವ ಕಬ್ಬಿಣದ ಕೆಂಪು ಕಪ್ಪಾಗುತ್ತದೆ. ಎಷ್ಟೋ ದಿನದ ಕೆಲಸ ಇಲ್ಲಿ ಒಂದು ಬಿರುಕಿಗೆ ಹೋಗಿಬಿಡಬಹುದು. (ಇಷ್ಟೆಲ್ಲ ಆದಮೇಲೂ ಅದರಲ್ಲಿ ನೀರು ತುಂಬಿಡುವ ಹಾಗಿಲ್ಲ!)

ಮಡಕೆಗೆ ಸಹಿ ಹಾಕುವ ರೂಢಿಯೇ ಆ ಊರಲ್ಲಿ ಇರಲಿಲ್ಲ. ಅದು ಬೇಕಾಗಿದ್ದು ಕೊಳ್ಳುವ ಬಿಳಿಯರಿಗೆ. 1920ರ ದಶಕದಲ್ಲಿ ಮಾರಿಯಾ 'ಮೇರಿ' ಅಂತ ಬರೆಯತೊಡಗಿದರು, ಆಮೇಲೆ ಜೂಲಿಯನ್ ಹೆಸರೂ ಸೇರಿತು. ಸಹಿ ಇದ್ದರೆ ದುಡ್ಡು ಜಾಸ್ತಿ ಅಂತ ಗೊತ್ತಾದಾಗ ಊರಿನ ಹೆಂಗಸರು ಬಂದು ಕೇಳಿದರು, ಈಕೆ ಹಾಕಿಕೊಟ್ಟರು. ವಿದ್ಯೆಯನ್ನೂ ಗುಟ್ಟು ಮಾಡದೆ ಕಲಿಸಿದರು. 1943ರಲ್ಲಿ ಜೂಲಿಯನ್ ತೀರಿಕೊಂಡ ಮೇಲೆ ಚಿತ್ತಾರ ಬಿಡಿಸಿದ್ದು ಸೊಸೆ ಸಾಂತಾನಾ, ನಂತರ ಮಗ ಪೊಪೊವಿ ದಾ. ಅಂದರೆ 'ಮಾರಿಯಾ ಮಡಕೆ' ಯಾವತ್ತೂ ಒಬ್ಬರ ಕೈಯ ಕೆಲಸ ಆಗಿರಲೇ ಇಲ್ಲ, ಅಲ್ವಾ? ಒಂದೇ ಹೆಸರು ಬೇಕು ಅಂತ ಹಟ ಹಿಡಿದದ್ದು ಸಂತೆಯವರು. ಆ ಹಟದಿಂದ ಊರಿನ ನಾಲ್ಕು ಮನೆಗೆ ಕಾಸು ಬಂದಿದ್ದರೆ ಒಳ್ಳೆಯದೇ ಆಯಿತು.

ಪಕ್ಕದ ಸಾಂತಾ ಕ್ಲಾರಾ ಊರಿನ ಮಾರ್ಗರೆಟ್ ತಫೋಯಾ ಅವರದು ಬೇರೆಯದೇ ಕಥೆ. ದೊಡ್ಡ ದೊಡ್ಡ ಕಪ್ಪು ಹರವಿ, ಕತ್ತಿನ ಹತ್ತಿರ ಕರಡಿ ಪಾದದ ಗುರುತು. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.