ಆಫ್ ಆದ ಮೇಲೆ ಬರ್ತೀನಿ

ಫ್ಯಾನ್ ಆಫ್, ಲೈಟ್ ಆಫ್, ಫೋನ್ ಸ್ವಿಚ್ ಆಫ್. ಆಫ್ ಅಂದರೆ ನಿಂತಿತು, ಆರಿತು, ಕಥೆ ಮುಗಿಯಿತು. ಗೋಡೆ ಮೇಲಿನ ಸ್ವಿಚ್ ನಮಗೆ ಕಲಿಸಿದ ಇಂಗ್ಲಿಷ್ ಇಷ್ಟೇ. ಪದ ಸ್ವಿಚ್ ಬಿಟ್ಟು ಆಚೆ ಕಾಲಿಟ್ಟಾಗಲೇ ಫಜೀತಿ.

ಒಮ್ಮೆ ನಮ್ಮ ಆಫೀಸಿನಲ್ಲಿ ಬೆಂಕಿ ಅಲಾರಂ ಹೊಡೆದುಕೊಂಡಿತು. ಎಲ್ಲರೂ ದಡಬಡ ಎದ್ದೆವು. ಒಬ್ಬ ಸಹೋದ್ಯೋಗಿ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲೇ ಕೂತಿದ್ದ. "ಏಳೋ ಮಾರಾಯ!" ಎಂದರೆ ಮೊಣಕೈಯಿಂದ ಗೋಡೆಯ ನೋಟಿಸ್ ತೋರಿಸಿದ. 'ಇಫ್ ದಿ ಅಲಾರಂ ಗೋಸ್ ಆಫ್, ಲೀವ್ ದಿ ಬಿಲ್ಡಿಂಗ್' ಎಂದಿತ್ತು. "ಇನ್ನೂ ಆಫ್ ಆಗಿಲ್ವಲ್ಲ, ಆದ ಮೇಲೆ ಬರ್ತೀನಿ" ಎಂದ! ಪುಣ್ಯಕ್ಕೆ ಅದು ಬರೀ ಡ್ರಿಲ್. ಪಾಪ, ಅವನನ್ನು ಬೈದು ಏನು ಪ್ರಯೋಜನ? ಲೈಟ್ 'ಗೋಸ್ ಆಫ್' ಅಂದರೆ ಆರುತ್ತದೆ, ಅಲಾರಂ 'ಗೋಸ್ ಆಫ್' ಅಂದರೆ ಬಡಿದುಕೊಳ್ಳುತ್ತದೆ. ನಮ್ಮ ಚಿಕ್ಕಪ್ಪ ಇಂಗ್ಲಿಷ್ ಪೇಪರ್ ಓದಿ, "ಬಾಂಬ್ ಆಫ್ ಆಯ್ತಂತೆ, ಸದ್ಯ!" ಎಂದು ನೆಮ್ಮದಿಯಿಂದ ಪುಟ ತಿರುಗಿಸಿದ್ದೂ ಇದೇ ಲೆಕ್ಕದಲ್ಲಿ.

ಹಳೆಯ ಇಂಗ್ಲಿಷಿನಲ್ಲಿ ಆಫ್ (off) ಮತ್ತು ಆವ್ (of) ಒಂದೇ ಪದವಾಗಿದ್ದವು. ಒತ್ತಿ ಹೇಳಿದರೆ ಆಫ್, ತೇಲಿಸಿದರೆ ಆವ್. 17ನೇ ಶತಮಾನದ ಹೊತ್ತಿಗೆ ಎರಡೂ ಪೂರ್ತಿ ಬೇರೆಯಾದವು. ನಾವು 'ಔಟ್ ಆಫ್ ಆರ್ಡರ್' ಎಂದು ಕನ್ನಡದಲ್ಲಿ ಬರೆದು ಮತ್ತೆ ಒಂದು ಮಾಡಿದ್ದೇವೆ, ಬಿಡಿ. ಮೂಲ ಅರ್ಥ 'ದೂರ'. ವಿಮಾನ ನೆಲದಿಂದ ದೂರ, ಅಂಗಿ ಮೈಯಿಂದ ದೂರ. ಎರಡಕ್ಕೂ 'ಟೇಕ್ ಆಫ್'.

ಕುದುರೆಯನ್ನು ಎಡಗಡೆಯಿಂದ ಹತ್ತುವುದು ರೂಢಿ. ಹಾಗಾಗಿ ಆಚೆಯ ಬಲಗಡೆ 'ಆಫ್ ಸೈಡ್' ಆಯಿತು. ಬ್ರಿಟನ್ನಿನಲ್ಲಿ ಕಾರಿಗೂ ಅದೇ ಹೆಸರು ಉಳಿದಿದೆ. ಅಲ್ಲಿ ಡ್ರೈವರ್ ಕೂರುವುದೂ ಬಲಗಡೆಯೇ. ಅಂದರೆ ಅವನು ತನ್ನ ಪಕ್ಕದ ಬಾಗಿಲನ್ನೇ 'ದೂರದ ಬಾಗಿಲು' ಅನ್ನಬೇಕು! ಕ್ರಿಕೆಟ್‌ನಲ್ಲಂತೂ ಎಡಗೈ ಬ್ಯಾಟರ್ ಬಂದ ತಕ್ಷಣ ಆಫ್ ಸೈಡ್ ಗಂಟುಮೂಟೆ ಕಟ್ಟಿಕೊಂಡು ಮೈದಾನದ ಆಚೆ ಬದಿಗೆ ಹೊರಡುತ್ತದೆ. ಫುಟ್‌ಬಾಲ್‌ನ ಆಫ್‌ಸೈಡ್ 1863ರ ಮೊದಲ ನಿಯಮಗಳಲ್ಲೇ ಇದೆ. ಜಗಳ ಇನ್ನೂ ಮುಗಿದಿಲ್ಲ.

ಇಷ್ಟು ಸಾಲದು ಅಂತ, 'ಡೇ ಆಫ್' ಅಂದರೆ ರಜೆ, 'ಆಫ್ ಡೇ' ಅಂದರೆ ಮುಟ್ಟಿದ್ದೆಲ್ಲ ಎಡವಟ್ಟಾಗುವ ದಿನ. ಇದರ ಮೇಲೆ ನಮ್ಮ ಕೊಡುಗೆ ಬೇರೆ. ಹಕಾರ ನುಂಗುವ ನಾಲಿಗೆಗೆ ಹಾಫ್ ಕೂಡ ಆಫೇ ಅಲ್ವಾ? ನನ್ನ ತಂಗಿ ತನ್ನ ತಂಡದವರಿಗೆಲ್ಲ "ನಾಳೆ ಆಫ್ ಡೇ" ಎಂದು ವಾಯ್ಸ್ ಮೆಸೇಜ್ ಕಳಿಸಿದ್ದಳು. ಮರುದಿನ ಕೆಲವರು ಬೆಳಿಗ್ಗೆ ಬಂದು ಮಧ್ಯಾಹ್ನ ಬ್ಯಾಗ್ ಎತ್ತಿಕೊಂಡು ಹೊರಟರು. ಕೆಲವರು ಬರಲೇ ಇಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗನೊಬ್ಬ ಮಾತ್ರ ಹಿಂದಿನ ರಾತ್ರಿಯೇ ಫೋನ್ ಮಾಡಿದನಂತೆ: "ನಾಳೆ ಕೆಟ್ಟ ದಿನ ಅಂತ ಇವತ್ತೇ ಹೇಗೆ ಗೊತ್ತಾಯ್ತು ಮೇಡಂ?"