ಕ್ಯೂಸೆಕ್ ಕೂಡಿಸುವ ಕಲೆ

ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲೊಂದು ಪಟ್ಟಿ ಬರುತ್ತದೆ. ಜಲಾಶಯಗಳ ಗರಿಷ್ಠ ಮಟ್ಟ: ಕೆಆರ್‌ಎಸ್ (ಅಂದರೆ ಕನ್ನಂಬಾಡಿ) 124.80 ಅಡಿ, ಕಬಿನಿ 2,284, ಹಾರಂಗಿ 2,859, ಹೇಮಾವತಿ 2,922. ಕನ್ನಂಬಾಡಿ ಪಾಪ ಎಷ್ಟು ಕುಳ್ಳಿ ಅನ್ನಿಸಿದರೆ ಓದುಗರ ತಪ್ಪಲ್ಲ. ಅದೊಂದನ್ನು ಬುಡದಿಂದ ಅಳೆಯುತ್ತಾರೆ, ಉಳಿದವನ್ನು ಸಮುದ್ರಮಟ್ಟದಿಂದ. ಹಿಡಿಯುವ ನೀರಿನಲ್ಲಿ ಕನ್ನಂಬಾಡಿಯದು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಹಾರಂಗಿಯದು 8.5. ಇನ್ನು ಕನ್ನಂಬಾಡಿ ನೂರಡಿ ಮುಟ್ಟಿದ ದಿನ ‘ಶೇ 80 ಭರ್ತಿ’ ಎಂದು ಸಂಭ್ರಮಿಸುವವರಿದ್ದಾರೆ. ಜಲಾಶಯ ಮೇಲೇರಿದಷ್ಟೂ ಅಗಲವಾಗುತ್ತದೆ; ಅರ್ಧಕ್ಕಿಂತ ಹೆಚ್ಚು ನೀರು ತುಂಬಬೇಕಾದದ್ದು ಆಮೇಲಿನ 25 ಅಡಿಯಲ್ಲಿ.

ಕ್ಯೂಸೆಕ್‌ನ ಕಥೆ ಇನ್ನೂ ಸೊಗಸು. ಅದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ಹರಿಯುವ ವೇಗ, ನೀರಿನ ಮೊತ್ತವಲ್ಲ. ಆದರೂ ‘ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ, ಒಟ್ಟು 75,000 ಕ್ಯೂಸೆಕ್’ ಎಂದು ಮೈಕಿನ ಮುಂದೆ ಗುಡುಗುತ್ತಾರೆ. ಬಸ್ಸಿನ ಸ್ಪೀಡೋಮೀಟರನ್ನು ಊರೂರಿಗೆ ನೋಡಿ, ಕೂಡಿಸಿ, ಮಂಡ್ಯ ಎಷ್ಟು ದೂರ ಎಂದು ಹೇಳಿದ ಹಾಗೆ. ಲೆಕ್ಕ ಕಷ್ಟವೇನಲ್ಲ: ದಿನಕ್ಕೆ 86,400 ಸೆಕೆಂಡ್, ಹಾಗಾಗಿ 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. 2023ರಲ್ಲಿ ತಮಿಳುನಾಡಿಗೆ ಬಿಡಲು ಹೇಳಿದ ಆ 15 ದಿನಗಳ 5,000 ಕ್ಯೂಸೆಕ್ ಎಂದರೆ 6.48 ಟಿಎಂಸಿ. ಆದರೆ 6.48 ಎಂದರೆ ಯಾವ ಹೆದ್ದಾರಿಯಲ್ಲಿ ಟೈರು ಸುಡಲಾದೀತು? ಬಿಟ್ಟದ್ದನ್ನು ಖಂಡಿಸಲು ಕ್ಯೂಸೆಕ್, ಬಿಟ್ಟವರು ಸಮರ್ಥಿಸಿಕೊಳ್ಳಲು ಟಿಎಂಸಿ.

ಮೆಟ್ರಿಕ್ ಕಾಯ್ದೆ 1956ರಲ್ಲೇ ಬಂತಲ್ಲ ಎನ್ನುವವರು ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ ಹೋಗಲಿ. ಅಲ್ಲಿ ಮೀಟರೇ ನಡೆಯುವುದು. ಅಣೆಕಟ್ಟನ್ನು ಅಷ್ಟಕ್ಕೆ ಏರಿಸಬೇಕೇ ಬೇಡವೇ ಎಂಬ ವಿವಾದದ ಎತ್ತರ 524.256 ಮೀಟರ್. ಮಿಲಿಮೀಟರ್‌ವರೆಗೂ ಇಷ್ಟು ನಿಖರವೇ ಎಂದು ಕೈಮುಗಿಯುವ ಮೊದಲು 0.3048ರಿಂದ ಭಾಗಿಸಿ ನೋಡಿ: ಸರಿಯಾಗಿ 1,720 ಅಡಿ.

ಬೆಂಗಳೂರಿಗೆ ಬಂದ ಕೂಡಲೇ ಅದೇ ಕಾವೇರಿ ಎಂಎಲ್‌ಡಿ (ದಿನಕ್ಕೆ ಹತ್ತು ಲಕ್ಷ ಲೀಟರ್) ಆಗುತ್ತಾಳೆ. ಕುಡಿಯುವ ನೀರಿನ ಯೋಜನೆಯ ಐದನೇ ಹಂತದ 775 ಎಂಎಲ್‌ಡಿ, ಅಂದರೆ ದಿನಕ್ಕೆ 77.5 ಕೋಟಿ ಲೀಟರ್. ವರ್ಷಕ್ಕೆ ಸುಮಾರು 10 ಟಿಎಂಸಿ.

ಗೊಂದಲವಿಲ್ಲದವರು ಟ್ಯಾಂಕರಿನವರು ಮಾತ್ರ. ದೊಡ್ಡ ಲೋಡ್ ಎಂದರೆ 12,000 ಲೀಟರ್. ಒಂದು ಟಿಎಂಸಿಗೆ 23.6 ಲಕ್ಷ ಲೋಡ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಲೋಡಿಗೆ ಗೊತ್ತುಮಾಡಿದ ದರ 1,000 ರೂಪಾಯಿ. ಟಿಎಂಸಿಗೆ 236 ಕೋಟಿ ರೂಪಾಯಿ ಆಯಿತು, ಮನೆ 5 ಕಿಲೋಮೀಟರ್ ಒಳಗಿದ್ದರೆ.